ಸೊಸೈಟಿಯ ಹಸಿ ಕಸ ಸೊಸೈಟಿಯಲ್ಲೇ ಗೊಬ್ಬರವಾಗಬೇಕಾದರೆ: ಪುಣೆಯ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಪುಣೆಯಲ್ಲಿ ನಾನು ನೋಡಿದ ಹಲವು ಹೌಸಿಂಗ್ ಸೊಸೈಟಿಗಳ ಕಥೆ ಒಂದೇ. ಕಟ್ಟಡದ ಹಿಂದೆ, ಪಂಪ್ ರೂಮಿನ ಪಕ್ಕ, ಗೊಬ್ಬರ ಮಾಡುವ ಯಂತ್ರ ನಿಂತಿರುತ್ತದೆ. ಮೇಲೆ ಧೂಳು. ಒಳಗೆ ಹಳೆಯ ಪೇಂಟ್ ಡಬ್ಬ. ಕೇಳಿದರೆ, "ಎರಡು ತಿಂಗಳು ನಡೆಸಿದೆವು, ವಾಸನೆ ಬಂತು, ಬಿಟ್ಟೆವು" ಅನ್ನುತ್ತಾರೆ. ಕೊಥರೂಡಿನಲ್ಲೂ ಇದೇ ಮಾತು, ವಾಕಡ್‌ನಲ್ಲೂ ಇದೇ ಮಾತು.

ಯಂತ್ರ ಕೆಟ್ಟಿದ್ದಕ್ಕೆ ಹೀಗಾಗುವುದು ಕಡಿಮೆ. ಕೆಲಸದ ಕ್ರಮ ತಪ್ಪಿದ್ದಕ್ಕೆ ಆಗುವುದೇ ಜಾಸ್ತಿ. ಎಲ್ಲರೂ ಮೊದಲು ಸಾಮಾನು ಕೊಳ್ಳುತ್ತಾರೆ, ಆಮೇಲೆ ಜನರಿಗೆ ಹೇಳುತ್ತಾರೆ, ಕಡೆಗೆ ಕಸ ಎಷ್ಟಿದೆ ಅಂತ ನೋಡುತ್ತಾರೆ. ಇದು ಪೂರ್ತಿ ಉಲ್ಟಾ ಆಗಬೇಕು. ಮೊದಲು ತೂಕ, ಆಮೇಲೆ ಜನ, ಆಮೇಲೆ ಬೇರ್ಪಡಿಸುವ ಅಭ್ಯಾಸ, ಕೊನೆಗೆ ಗೊಬ್ಬರ. ಒಟ್ಟು ಎರಡೂವರೆ ಮೂರು ತಿಂಗಳು ಬೇಕು. ಅವಸರ ಮಾಡಿದರೆ ಮತ್ತೆ ಅದೇ ಪಂಪ್ ರೂಮಿನ ಪಕ್ಕಕ್ಕೆ ಬಂದು ನಿಲ್ಲುತ್ತೀರಿ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಇಲ್ಲಿ ನೂರು ಮನೆಯ ಸೊಸೈಟಿಯನ್ನು ಇಟ್ಟುಕೊಂಡಿದ್ದೇನೆ. ನಿಮ್ಮದು ನಲವತ್ತು ಮನೆಯಾದರೆ ಅದೇ ಪ್ರಮಾಣದಲ್ಲಿ ಇಳಿಸಿಕೊಳ್ಳಿ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದ ಸಾಮಾನು

- ನೇತುಹಾಕಿ ತೂಗುವ ಸಣ್ಣ ಡಿಜಿಟಲ್ ತಕ್ಕಡಿ
- ಒಂದು ನೋಟ್‌ಬುಕ್, ಪೆನ್ನು
- ರಬ್ಬರ್ ಕೈಗವಸು, ಗಟ್ಟಿ ಬೂಟು, ಕಸ ಮುಟ್ಟುವ ಪ್ರತಿಯೊಬ್ಬರಿಗೂ ಒಂದೊಂದು ಜೊತೆ
- ಉದ್ದ ಹಿಡಿಯ ಮುಳ್ಳುಗುದ್ದಲಿ, ಒಂದು ಸಲಿಕೆ
- ಒಂದು ಮೀಟರ್ ಉದ್ದದ ಕಬ್ಬಿಣದ ಸರಳು (ಯಾಕೆ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ)
- ಒಣ ಎಲೆ ಕೂಡಿಡಲು ತಂತಿ ಬಲೆಯ ಪಂಜರ

ಇಷ್ಟೇ ಸಾಕು. ಯಂತ್ರ, ಪೆಟ್ಟಿಗೆ, ಶೆಡ್ಡು ಯಾವುದನ್ನೂ ಈಗ ಕೊಳ್ಳಬೇಡಿ.

## ಹಂತ 1: ಏಳು ದಿನ ಕಸ ತೂಗಿ

ಸೋಮವಾರದಿಂದ ಭಾನುವಾರದವರೆಗೆ ಪ್ರತಿದಿನ ಬೆಳಿಗ್ಗೆ ಕಸವನ್ನು ತೂಗಿ ಬರೆದಿಡಿ. ಒಂದು ದಿನ ತೂಗಿ ಏಳರಿಂದ ಗುಣಿಸಬೇಡಿ. ಭಾನುವಾರದ ಅಡುಗೆಯೇ ಬೇರೆ, ಕಸವೂ ಬೇರೆ. ಏಳು ದಿನದಲ್ಲಿ ಎರಡು ದಿನವಾದರೂ ಹತ್ತು ಮನೆಯ ಕಸವನ್ನು ಟಾರ್ಪಾಲಿನ ಮೇಲೆ ಸುರಿದು ಹಸಿ ಎಷ್ಟು, ಒಣ ಎಷ್ಟು, ಡೈಪರ್ ಮತ್ತು ಪ್ಯಾಡ್ ಎಷ್ಟು ಅಂತ ಬೇರೆ ಬೇರೆ ತೂಗಿ. ಕಮಿಟಿಯ ಒಬ್ಬರಾದರೂ ಎದುರಿಗೆ ನಿಂತಿರಬೇಕು. ಕಣ್ಣಾರೆ ನೋಡಿದವರು ಆಮೇಲೆ ಮೀಟಿಂಗಿನಲ್ಲಿ ನಿಮ್ಮ ಪರ ಮಾತಾಡುತ್ತಾರೆ.

ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಕಿಲೋ ಆಸುಪಾಸು ಹಸಿ ಕಸ ಸಿಗಬಹುದು ಅಂತ ಹಿಡಿಯಿರಿ. ನೂರು ಮನೆಗೆ 70ರಿಂದ 75 ಕಿಲೋ. ಒಣ ಕಸವೂ ಸೇರಿದರೆ ಒಟ್ಟು 100 ಕಿಲೋ ದಾಟುವುದು ಸುಲಭ. ಈ ಸಂಖ್ಯೆ ಮುಖ್ಯ. 2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ ಸರಾಸರಿ 100 ಕಿಲೋಗಿಂತ ಜಾಸ್ತಿ ಕಸ ಮಾಡುವವರನ್ನು ದೊಡ್ಡ ಪ್ರಮಾಣದ ಉತ್ಪಾದಕರು ಅಂತ ಬೇರೆಯಾಗಿ ಹೆಸರಿಸಿ, ಹೆಚ್ಚಿನ ಹೊಣೆ ಹೊರಿಸಿದವು. ನಿಮ್ಮ ಸೊಸೈಟಿ ಈ ಗೆರೆಯ ಯಾವ ಕಡೆ ಇದೆ ಅಂತ ಊಹೆಯಿಂದಲ್ಲ, ನೋಟ್‌ಬುಕ್ಕಿನಿಂದ ಗೊತ್ತಾಗಬೇಕು.

ಎಚ್ಚರಿಕೆ: ಯಂತ್ರ ಮಾರುವವರು "ಎಷ್ಟು ಫ್ಲ್ಯಾಟು?" ಅಂತ ಮಾತ್ರ ಕೇಳಿ ಅಳತೆ ಹೇಳಿದರೆ ನಂಬಬೇಡಿ. ಅರ್ಧ ಮನೆಗಳಲ್ಲಿ ಒಬ್ಬೊಬ್ಬರೇ ಹುಡುಗರಿದ್ದು, ಊಟ ಹೊರಗಿನಿಂದ ಬರುತ್ತಿದ್ದರೆ ಹಸಿ ಕಸ ಅರ್ಧಕ್ಕೆ ಇಳಿಯುತ್ತದೆ, ಪ್ಯಾಕಿಂಗ್ ಡಬ್ಬ ಎರಡರಷ್ಟಾಗುತ್ತದೆ.

## ಹಂತ 2: ಕಸ ಮುಟ್ಟುವವರ ಜೊತೆ ಮೊದಲು ಮಾತಾಡಿ

ನಾವು ಮೊದಲು ಮಾತಾಡುವುದು ಚೇರ್ಮನ್, ಸೆಕ್ರೆಟರಿ ಜೊತೆ. ಕಸ ಮುಟ್ಟುವವರು ಅವರಲ್ಲ. ಬೇರೆ ಮೂರು ಗುಂಪಿನವರಿದ್ದಾರೆ.

ಮೊದಲನೆಯವರು ದಿನಾ ಮನೆಮನೆಗೆ ಬಂದು ಕಸ ಒಯ್ಯುವವರು. ಪುಣೆಯ ಹಲವು ಕಡೆ ಇವರು 'ಸ್ವಚ್ಛ್' ಸಹಕಾರಿಯ ಸದಸ್ಯರು. 2008ರಲ್ಲಿ ಮಹಾನಗರಪಾಲಿಕೆ ಜೊತೆ ಒಪ್ಪಂದವಾದಾಗಿನಿಂದ ಮನೆ ಬಾಗಿಲಲ್ಲಿ ಕಸ ಸಂಗ್ರಹಿಸುತ್ತಿದ್ದಾರೆ. ಸಹಕಾರಿಯ ಒಡೆಯರೂ ಕಸ ಆಯುವವರೇ. ಮನೆಗಳು ಕೊಡುವ ತಿಂಗಳ ಶುಲ್ಕ ಅವರ ಆದಾಯದ ಒಂದು ಭಾಗ. ಇನ್ನೊಂದು ಭಾಗ ಒಣ ಕಸ ಮಾರಿ ಬರುವ ದುಡ್ಡು. ಇದನ್ನು ನೆನಪಿಡಿ. ಸೊಸೈಟಿಯೇ ರಟ್ಟು, ಬಾಟಲಿಯನ್ನೆಲ್ಲ ರದ್ದಿವಾಲಾಗೆ ಮಾರಿ ದುಡ್ಡು ಜಮಾ ಮಾಡಿದರೆ ಅವರ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಒಣ ಕಸದ ದುಡ್ಡು ಅವರಿಗೇ ಇರಲಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಎರಡನೆಯವರು ಮನೆಗೆಲಸದವರು. ಬಹಳ ಮನೆಗಳಲ್ಲಿ ಡಬ್ಬ ಖಾಲಿ ಮಾಡುವವರು ಇವರೇ. ಪುಣೆಯಲ್ಲಿ ಇವರಲ್ಲಿ ಎಷ್ಟೋ ಜನ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು. ನಮ್ಮ ಮಾತು ಅವರ ಮಾತು ಒಂದೇ. ವಾಟ್ಸಾಪ್ ಗುಂಪಿನ ಇಂಗ್ಲಿಷ್ ನೋಟಿಸು ಅವರ ಹತ್ತಿರ ಹೋಗುವುದೇ ಇಲ್ಲ. ಮಧ್ಯಾಹ್ನ ಹದಿನೈದು ನಿಮಿಷ ಕರೆದು, ಚಹಾ ಕೊಟ್ಟು, ಎರಡು ಡಬ್ಬ ಇಟ್ಟು ಕನ್ನಡದಲ್ಲಿ, ಮರಾಠಿಯಲ್ಲಿ ತೋರಿಸಿ. "ಓಲಾ ಕಚರಾ ಹಸಿರಿಗೆ, ಸುಕಾ ಕಚರಾ ನೀಲಿಗೆ" (ಹಸಿ ಕಸ ಹಸಿರು ಡಬ್ಬಕ್ಕೆ, ಒಣ ಕಸ ನೀಲಿ ಡಬ್ಬಕ್ಕೆ) ಅಂದರೆ ಪುಣೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಮೂರನೆಯವರು ಸೊಸೈಟಿಯ ಹೌಸ್‌ಕೀಪಿಂಗ್ ಹುಡುಗರು ಮತ್ತು ಮಾಲಿ. ಗೊಬ್ಬರದ ಕೆಲಸ ಯಾರ ಮೇಲೆ ಬೀಳುತ್ತದೋ ಅವರಿಗೆ ದಿನಕ್ಕೆ ಎರಡು ತಾಸು ಅಂತ ಲೆಕ್ಕ ಹಾಕಿ ಹೆಚ್ಚಿನ ಸಂಬಳ ಗೊತ್ತು ಮಾಡಿ. "ಇದೂ ಒಂದು ಮಾಡಿಬಿಡಪ್ಪ" ಅಂದರೆ ಮೂರನೇ ವಾರಕ್ಕೆ ಕೆಲಸ ನಿಲ್ಲುತ್ತದೆ. ಒಬ್ಬರೇ ಇದ್ದರೆ ಅವರು ಊರಿಗೆ ಹೋದಾಗ ಎಲ್ಲ ಕೆಡುತ್ತದೆ. ಇಬ್ಬರಿಗೆ ಕಲಿಸಿಡಿ.

## ಹಂತ 3: ಬೇರ್ಪಡಿಸುವ ಅಭ್ಯಾಸ ಗಟ್ಟಿ ಮಾಡಿ

ಐದರಿಂದ ಆರು ವಾರ ಇದಕ್ಕೇ ಕೊಡಿ. ಬಹುತೇಕ ಸೊಸೈಟಿಗಳು ಸೋಲುವುದು ಇಲ್ಲೇ. ಗೊಬ್ಬರದ ಪೆಟ್ಟಿಗೆಗೆ ಹಾಲಿನ ಪ್ಯಾಕೆಟ್ಟು, ಬ್ಲೇಡು, ಡೈಪರ್ ಬಂದರೆ ಯಾವ ಯಂತ್ರವೂ, ಯಾವ ಪುಡಿಯೂ ಉಪಯೋಗಕ್ಕೆ ಬರುವುದಿಲ್ಲ.

### ಮನೆಯಲ್ಲಿ ಇರಬೇಕಾದ್ದು

ಹಸಿ ಕಸಕ್ಕೆ ಮುಚ್ಚಳದ ಡಬ್ಬ ಒಂದು, ಒಣ ಕಸಕ್ಕೆ ದೊಡ್ಡ ಚೀಲ ಒಂದು. ಬಚ್ಚಲು ಮನೆಯ ಕಸಕ್ಕೆ ಹಳೆಯ ಪೇಪರ್. ಹಸಿ ಡಬ್ಬಕ್ಕೆ ಪ್ಲಾಸ್ಟಿಕ್ ಚೀಲ ಹಾಕಲೇಬಾರದು. ನಾನು ನೋಡಿದ ತಪ್ಪುಗಳಲ್ಲಿ ಇದೇ ದೊಡ್ಡದು. ಚೀಲದೊಳಗೆ ಕಟ್ಟಿದ ಕಸ ರಾತ್ರಿಯಿಡೀ ಗಾಳಿಯಿಲ್ಲದೆ ಕೊಳೆಯುತ್ತದೆ. ಬೆಳಿಗ್ಗೆ ಅದನ್ನು ಒಬ್ಬ ಮನುಷ್ಯ ಕೈಯಿಂದ ಬಿಚ್ಚಬೇಕು. "ಕರಗುವ ಚೀಲ" ಅಂತ ಅಂಗಡಿಯಲ್ಲಿ ಸಿಗುವುದೂ ಬೇಡ. ನಿಜವಾದದ್ದೋ ಸುಳ್ಳೋ ನೋಡಿದರೆ ಗೊತ್ತಾಗುವುದಿಲ್ಲ. ನಿಜವಾದದ್ದೂ ಸೊಸೈಟಿಯ ಸಣ್ಣ ಪೆಟ್ಟಿಗೆಯಲ್ಲಿ ಬೇಗ ಕರಗುವುದಿಲ್ಲ. ಡಬ್ಬದ ತಳಕ್ಕೆ ನ್ಯೂಸ್‌ಪೇಪರ್ ಹಾಸಿದರೆ ಸಾಕು. ನೀರು ಹೀರುತ್ತದೆ, ಗೊಬ್ಬರದಲ್ಲಿ ತಾನೂ ಕರಗುತ್ತದೆ.

ಸಾರು, ಮಜ್ಜಿಗೆ, ಎಣ್ಣೆಯನ್ನು ಡಬ್ಬಕ್ಕೆ ಸುರಿಯಬೇಡಿ. ಬಸಿದು ಗಟ್ಟಿ ಭಾಗ ಮಾತ್ರ ಹಾಕಿ.

### ಗೊಂದಲ ಮಾಡುವ ವಸ್ತುಗಳು

ತರಕಾರಿ ಸಿಪ್ಪೆ ಎಲ್ಲಿ ಹಾಕಬೇಕು ಅಂತ ಯಾರೂ ಕೇಳುವುದಿಲ್ಲ. ಕೇಳುವುದು ಇವನ್ನೇ:

- ತೆಂಗಿನ ಚಿಪ್ಪು, ನಾರು: ನಮ್ಮ ಮನೆಗಳಲ್ಲಿ ದಿನಾ ಬರುತ್ತದೆ. ಬೇರೆ ಬುಟ್ಟಿಗೆ ಹಾಕಿ. ನಾರನ್ನು ಬಿಡಿಸಿ ಒಣ ಎಲೆಯ ಜೊತೆ ಸೇರಿಸಬಹುದು. ಚಿಪ್ಪು ತಿಂಗಳುಗಟ್ಟಲೆ ಕರಗುವುದಿಲ್ಲ, ಯಂತ್ರದ ಬ್ಲೇಡನ್ನೂ ಮುರಿಯುತ್ತದೆ.
- ಪೂಜೆಯ ಹೂವು: ಹಸಿ ಕಸ. ಆದರೆ ಹಾರದ ನೈಲಾನ್ ದಾರ, ಜರಿ, ಥರ್ಮಾಕೋಲ್ ಮಣಿ ತೆಗೆದು ಹಾಕಿ.
- ಮಾವಿನ ಓಟೆ: ಹಾಕಬಹುದು. ಕರಗದಿದ್ದರೆ ಜರಡಿ ಹಿಡಿದಾಗ ಸಿಗುತ್ತದೆ, ಮತ್ತೆ ಹೊಸ ಪೆಟ್ಟಿಗೆಗೆ ಹಾಕಿ.
- ಚಹಾಪುಡಿ, ಮೊಟ್ಟೆಯ ಚಿಪ್ಪು: ಹಸಿ ಕಸ, ಒಳ್ಳೆಯದು. ಟೀ ಬ್ಯಾಗಿನ ಚೀಲ ಒಣ ಕಸಕ್ಕೆ.
- ಮೂಳೆ, ಮೀನಿನ ತಲೆ: ಶುರುವಿನ ಮೂರು ತಿಂಗಳು ಸೊಸೈಟಿಯ ಪೆಟ್ಟಿಗೆಗೆ ಬೇಡ. ಇಲಿ, ನಾಯಿ ಬರುತ್ತವೆ. ಪಾಲಿಕೆಯ ಹಸಿ ಕಸಕ್ಕೆ ಕೊಡಿ.
- ಹಾಲಿನ ಪ್ಯಾಕೆಟ್ಟು: ತೊಳೆದು, ಒಣಗಿಸಿ, ಒಣ ಕಸಕ್ಕೆ. ಇದಕ್ಕೆ ಬೆಲೆಯಿದೆ. ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡಿ. ಆ ಪುಟ್ಟ ತುಂಡು ಯಾರ ಕೈಗೂ ಸಿಗುವುದಿಲ್ಲ, ಗೊಬ್ಬರದಲ್ಲಿ ಮಾತ್ರ ಸಿಗುತ್ತದೆ.
- ಪೀಜಾ ಡಬ್ಬ: ಎಣ್ಣೆ ಹತ್ತಿದ ಭಾಗ ಹರಿದು ಹಸಿಗೆ, ಉಳಿದದ್ದು ಒಣಕ್ಕೆ.

### ಕೆಂಪು ಚುಕ್ಕೆ

ಪ್ಯಾಡು, ಡೈಪರನ್ನು ಪೇಪರಿನಲ್ಲಿ ಗಟ್ಟಿಯಾಗಿ ಸುತ್ತಿ, ಮೇಲೆ ದೊಡ್ಡ ಕೆಂಪು ಚುಕ್ಕೆ ಹಾಕಿ, ಬೇರೆಯಾಗಿ ಕೊಡಿ. ಸ್ವಚ್ಛ್‌ನವರು ವರ್ಷಗಳಿಂದ ಕೇಳಿಕೊಂಡು ಬಂದಿರುವುದು ಇದನ್ನೇ. ಪೊಟ್ಟಣ ಬಿಚ್ಚಿ ನೋಡಿ, ಒಳಗಿರುವುದು ಕೈಗೆ ಅಂಟುವ ಆ ಕ್ಷಣ ಯಾರಿಗೂ ಬರಬಾರದು, ಅಲ್ವಾ? ಒಂದು ಕೆಂಪು ಸ್ಕೆಚ್ ಪೆನ್ನನ್ನು ಬಚ್ಚಲ ಮನೆಯ ಕಪಾಟಿನಲ್ಲೇ ಕಟ್ಟಿಡಿ. ಒಡೆದ ಗಾಜಿಗೂ ಇದೇ ನಿಯಮ. ದಪ್ಪ ಪೇಪರಿನಲ್ಲಿ ಸುತ್ತಿ, "ಕಾಚ್" ಅಂತ ಬರೆದು, ಕೈಯಲ್ಲಿ ಕೊಡಿ.

### ಲೆಕ್ಕ ಇಡುವುದು ಹೇಗೆ

ಪ್ರತಿ ಮಹಡಿಗೆ ಒಬ್ಬರು ಸ್ವಯಂಸೇವಕರು. ಕಸ ಒಯ್ಯುವವರ ಜೊತೆ ವಾರಕ್ಕೆ ಎರಡು ದಿನ ನಡೆದು, ಪ್ರತಿ ಮನೆಗೆ ಸರಿ ಅಥವಾ ತಪ್ಪು ಅಂತ ಗುರುತು ಹಾಕಿ. ತಪ್ಪಿದ್ದರೆ ಅಲ್ಲೇ ಬಾಗಿಲು ತಟ್ಟಿ ತೋರಿಸಿ. ಎರಡು ದಿನ ಬಿಟ್ಟು ಪತ್ರ ಕಳಿಸಿದರೆ ನೆನಪಿರುವುದಿಲ್ಲ. ಮನೆ ನಂಬರನ್ನು ಗುಂಪಿನಲ್ಲಿ ಹಾಕಿ ಅವಮಾನ ಮಾಡಬೇಡಿ. ಒಮ್ಮೆ ಹಾಗೆ ಮಾಡಿ ನೋಡಿದ್ದೇನೆ. ಆ ಮನೆಯವರು ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ, ಕಸವನ್ನೂ ಬೇರೆ ಮಾಡುವುದಿಲ್ಲ.

ಎತ್ತರದ ಕಟ್ಟಡಗಳಲ್ಲಿ ಕಸ ಇಳಿಸುವ ಕೊಳವೆ ಇರುತ್ತದೆ. ಅದನ್ನು ಬೀಗ ಹಾಕಿ ಮುಚ್ಚಿ. ಕೊಳವೆ ತೆರೆದಿರುವವರೆಗೆ ಯಾರು ಏನು ಹಾಕಿದರು ಅಂತ ಗೊತ್ತಾಗುವುದಿಲ್ಲ.

ಮುಂದೆ ಹೋಗಲು ಗುರುತು: ಸತತ ಎರಡು ವಾರ ಹತ್ತರಲ್ಲಿ ಒಂಬತ್ತು ಮನೆ ಸರಿ ಅಂತ ಬಂದರೆ ನಾಲ್ಕನೇ ಹಂತಕ್ಕೆ ಹೋಗಿ. ಹತ್ತರಲ್ಲಿ ಏಳೇ ಇದ್ದರೆ ಇಲ್ಲೇ ನಿಲ್ಲಿ. "ಗೊಬ್ಬರ ಶುರುವಾದರೆ ತಾನಾಗಿ ಸುಧಾರಿಸುತ್ತಾರೆ" ಅನ್ನುವ ಮಾತು ನಂಬಬೇಡಿ. ಸುಧಾರಿಸುವುದಿಲ್ಲ.

## ಹಂತ 4: ಜಾಗ ಮತ್ತು ವಿಧಾನ ಆರಿಸಿ

ದಿನಕ್ಕೆ 70 ಕಿಲೋ ಹಸಿ ಕಸಕ್ಕೆ ಗಾಳಿಯಾಡುವ, ತಲಾ ಒಂದು ಘನ ಮೀಟರಿನ 8ರಿಂದ 10 ಪೆಟ್ಟಿಗೆ ಬೇಕಾಗುತ್ತವೆ. ಓಡಾಡುವ ಜಾಗವೂ ಸೇರಿ ಎರಡು ಕಾರು ನಿಲ್ಲುವಷ್ಟು ಸ್ಥಳ. ಸಂದುಬಿಟ್ಟು ಕಟ್ಟಿದ ಇಟ್ಟಿಗೆಯದಾಗಲಿ, ತೂತಿರುವ ಪ್ಲಾಸ್ಟಿಕ್ಕಿನದಾಗಲಿ ನಡೆಯುತ್ತದೆ. ಮೇಲೆ ತಗಡು ಬೇಕು. ನೆಲ ಸ್ವಲ್ಪ ಇಳಿಜಾರಿರಬೇಕು. ಸೋರುವ ಕಪ್ಪು ನೀರು ಒಂದು ಕಡೆ ಸೇರುವಂತೆ ಸಣ್ಣ ಕಾಲುವೆ ಮಾಡಿ. ಬೋರ್‌ವೆಲ್, ನೀರಿನ ಟಾಕಿಯ ಹತ್ತಿರ ಬೇಡವೇ ಬೇಡ. ನೆಲಮಹಡಿಯ ಮನೆಯ ಕಿಟಕಿಯ ಕೆಳಗೂ ಬೇಡ. ವಾಸನೆ ಬರಲಿ ಬಿಡಲಿ, ಆ ಮನೆಯವರಿಗೆ ಮೊದಲ ದಿನದಿಂದಲೇ ಬಂದ ಹಾಗೆ ಅನ್ನಿಸುತ್ತದೆ.

ಯಂತ್ರದ ವಿಷಯ. "24 ತಾಸಿನಲ್ಲಿ ಗೊಬ್ಬರ" ಅಂತ ಮಾರುವ ಯಂತ್ರಗಳು ಕಸವನ್ನು ಕಾಯಿಸಿ, ಒಣಗಿಸಿ, ಪುಡಿ ಮಾಡುತ್ತವೆ. ಹೊರಬರುವುದು ನೋಡಲು ಗೊಬ್ಬರದ ಹಾಗೇ ಇರುತ್ತದೆ. ಅದಕ್ಕೆ ನೀರು ಹಾಕಿ ಎರಡು ದಿನ ಇಡಿ, ಮತ್ತೆ ಕೊಳೆಯುತ್ತದೆ. ಯಾಕೆಂದರೆ ಸೂಕ್ಷ್ಮಜೀವಿಗಳ ಕೆಲಸ ಆಗಿರುವುದೇ ಇಲ್ಲ. ಅದಕ್ಕೆ ಒಂದು ತಿಂಗಳಾದರೂ ಬೇಕು. ಆ ಪುಡಿಯನ್ನು ನೇರವಾಗಿ ಗಿಡಕ್ಕೆ ಹಾಕಿ ತುಳಸಿ ಸುಟ್ಟುಹೋದ ಮನೆಗಳನ್ನು ನೋಡಿದ್ದೇನೆ. ಜಾಗ ತೀರಾ ಇಲ್ಲದವರು ಯಂತ್ರ ತರಲಿ, ಬೇಡ ಅನ್ನುವುದಿಲ್ಲ. ಆದರೆ ಪುಡಿಯನ್ನು ಮಾಗಿಸಲು ಪೆಟ್ಟಿಗೆ ಬೇಕೇ ಬೇಕು, ಕರೆಂಟು ಬಿಲ್ಲಿನ ಲೆಕ್ಕವನ್ನು ಮಾರುವವರಿಂದ ಮೊದಲೇ ಬರೆಸಿಕೊಳ್ಳಿ.

ಬಿಲ್ಡರ್ ಬಿಟ್ಟುಹೋದ ಯಂತ್ರ ಇದ್ದರೆ ಅದರ ಬ್ಲೇಡನ್ನು ಎಲೆ ಪುಡಿ ಮಾಡಲು ಬಳಸಬಹುದೇ ಅಂತ ಮೆಕ್ಯಾನಿಕ್ಕಿಗೆ ಕೇಳಿ ನೋಡಿ. ಎಲೆ ಪುಡಿ ಮಾಡುವ ಸಾಧನ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ.

## ಹಂತ 5: ಗೊಬ್ಬರ ಹಾಕುವ ದಿನಚರಿ

1. ಪೆಟ್ಟಿಗೆಯ ತಳಕ್ಕೆ ಒಂದು ಗೇಣು ಒಣ ಎಲೆ, ತೆಂಗಿನ ನಾರು ಹರಡಿ. ಗಾಳಿ ಒಳಗೆ ಬರುವುದು ಇಲ್ಲಿಂದ.
2. ಹಸಿ ಕಸವನ್ನು ಟ್ರೇಯಲ್ಲಿ ಹರಡಿ, ಬೆರೆತ ಪ್ಲಾಸ್ಟಿಕ್ ಆರಿಸಿ. ದೊಡ್ಡ ತುಂಡು, ಹಲಸಿನ ಸಿಪ್ಪೆ, ಬಾಳೆದಿಂಡು ಕೊಚ್ಚಿ.
3. ಹತ್ತು ಕಿಲೋ ಹಸಿ ಕಸಕ್ಕೆ ಎರಡು ಕಿಲೋ ಪುಡಿ ಮಾಡಿದ ಒಣ ಎಲೆ ಬೆರೆಸಿ. ಎಲೆ ಸಾಲದಿದ್ದರೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಪ್ಲೈವುಡ್ ಅಂಗಡಿಯ ಹೊಟ್ಟು ಬೇಡ, ಅದರಲ್ಲಿ ಅಂಟು ಇರುತ್ತದೆ.
4. ಒಂದು ಬುಟ್ಟಿ ಹಳೆಯ ಗೊಬ್ಬರ ಸೇರಿಸಿ. ಮೊದಲ ಸಲ ಇಲ್ಲದಿದ್ದರೆ ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ. ದುಬಾರಿ ಪುಡಿ ಪ್ರತಿ ತಿಂಗಳು ಕೊಳ್ಳುವ ಅಗತ್ಯವಿಲ್ಲ.
5. ಮೇಲೆ ಎರಡು ಇಂಚು ಒಣ ಎಲೆ ಮುಚ್ಚಿ. ಹಸಿ ಕಸ ಕಣ್ಣಿಗೆ ಕಾಣಬಾರದು. ಕಂಡರೆ ನೊಣಕ್ಕೂ ಕಾಣುತ್ತದೆ.
6. ತುಂಬಿದ ಪೆಟ್ಟಿಗೆಯನ್ನು ವಾರಕ್ಕೆ ಒಮ್ಮೆ ಮುಳ್ಳುಗುದ್ದಲಿಯಿಂದ ತಿರುವಿ ಹಾಕಿ. ತುಂಬಿದ ದಿನದಿಂದ 40–45 ದಿನ ಬಿಡಿ.

ತೇವ ಸರಿಯಿದೆಯೇ ನೋಡಲು ಒಂದು ಮುಷ್ಟಿ ತೆಗೆದು ಹಿಂಡಿ. ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಿದರೆ ಸರಿ. ಧಾರೆ ಇಳಿದರೆ ಒಣ ಎಲೆ ಬೇಕು. ಮುಷ್ಟಿ ಬಿಟ್ಟಾಗ ಉದುರಿಹೋದರೆ ನೀರು ಬೇಕು.

ಈಗ ಆ ಕಬ್ಬಿಣದ ಸರಳು. ಪೆಟ್ಟಿಗೆಯ ನಡುವಿಗೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ತುದಿಯನ್ನು ಕೈಯಲ್ಲಿ ಹಿಡಿದಿರಲಾಗದಷ್ಟು ಬಿಸಿಯಿದ್ದರೆ ಒಳಗೆ 55 ಡಿಗ್ರಿ ಆಸುಪಾಸು ಇದೆ ಅಂತ ತಿಳಿಯಿರಿ. ರೋಗಾಣು, ಕಳೆಬೀಜ ಸಾಯಲು ಈ ಬಿಸಿ ಕೆಲವು ದಿನ ಇರಬೇಕು. ತಣ್ಣಗಿದ್ದರೆ ಗಾಳಿ ಕಡಿಮೆ, ಇಲ್ಲವೇ ರಾಶಿ ಚಿಕ್ಕದು.

### ಪೆಟ್ಟಿಗೆ ಹೇಳುವ ಮಾತು

ಕೊಳೆತ ಮೊಟ್ಟೆಯ ವಾಸನೆ: ಗಾಳಿ ಇಲ್ಲ, ನೀರು ಜಾಸ್ತಿ. ಪೂರ್ತಿ ತಿರುವಿ, ಒಣ ಎಲೆ ಬೆರೆಸಿ. ಎರಡು ದಿನದಲ್ಲಿ ಹೋಗುತ್ತದೆ. ಫಿನಾಯಿಲ್ ಸುರಿಯಬೇಡಿ. ಕೆಲಸ ಮಾಡುವ ಜೀವಿಗಳೇ ಸಾಯುತ್ತವೆ.

ಮೂಗು ಉರಿಸುವ ಅಮೋನಿಯಾ ವಾಸನೆ: ಒಣ ಎಲೆ ಕಡಿಮೆ ಬಿದ್ದಿದೆ. ಹೆಚ್ಚಿಸಿ.

ದಪ್ಪ ಕಂದು ಹುಳು: ಇದನ್ನು ನೋಡಿ ಹೆದರಿ ಎಷ್ಟೋ ಸೊಸೈಟಿ ಕೆಲಸ ನಿಲ್ಲಿಸಿವೆ. ಬ್ಲ್ಯಾಕ್ ಸೋಲ್ಜರ್ ನೊಣದ ಮರಿ ಅದು. ಕಚ್ಚುವುದಿಲ್ಲ, ಮನೆಯೊಳಗೆ ಬರುವುದಿಲ್ಲ, ಕಸವನ್ನು ಬೇಗ ತಿನ್ನುತ್ತದೆ. ಬಿಡಿ, ಇರಲಿ. ಸಣ್ಣ ಬಿಳಿ ಹುಳು ಮನೆನೊಣದ್ದು. ಅದು ಬಂದರೆ ಮೇಲಿನ ಎಲೆಯ ಪದರ ತೆಳುವಾಗಿದೆ ಅಂತ ಅರ್ಥ.

ಬಿಳಿ ಬೂಜು: ಒಳ್ಳೆಯ ಲಕ್ಷಣ.

ಇರುವೆ: ಒಣಗಿದೆ, ನೀರು ಚಿಮುಕಿಸಿ.

ಇಲಿ: ಬೇಯಿಸಿದ ಅನ್ನ ಮೇಲೆ ಬಿದ್ದಿದೆ, ತಳದಲ್ಲಿ ಸಂದಿಯಿದೆ. ಅನ್ನವನ್ನು ನಡುವೆ ಹೂತು, ಸಂದಿಗೆ ತಂತಿ ಬಲೆ ಹೊಡೆಯಿರಿ.

## ಹಂತ 6: ಮಳೆಗಾಲಕ್ಕೆ ಫೆಬ್ರವರಿಯಲ್ಲೇ ತಯಾರಿ

ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣ ಎಲೆ ಸಿಗುವುದಿಲ್ಲ. ಆಗಲೇ ಅದು ಹೆಚ್ಚು ಬೇಕು. ಎಲೆ ಉದುರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಆಗ ಗುಡಿಸಿದ ಪ್ರತಿ ಎಲೆಯನ್ನೂ ಪಂಜರದಲ್ಲಿ ಕೂಡಿಡಿ. ದಿನಕ್ಕೆ 14 ಕಿಲೋ ಲೆಕ್ಕದಲ್ಲಿ ನಾಲ್ಕು ತಿಂಗಳಿಗೆ ಸುಮಾರು 1,700 ಕಿಲೋ ಬೇಕು. ನಿಮ್ಮಲ್ಲಿ ಮರ ಕಡಿಮೆಯಿದ್ದರೆ ಪಕ್ಕದ ಸೊಸೈಟಿಗೆ ಕೇಳಿ, ಸಂತೋಷದಿಂದ ಕೊಡುತ್ತಾರೆ. ಮಾಲಿ ಎಲೆ ಸುಡುತ್ತಿದ್ದರೆ ತಕ್ಷಣ ನಿಲ್ಲಿಸಿ. ಕಸ ಸುಡುವುದು ನಿಯಮಕ್ಕೆ ವಿರುದ್ಧ, ಮೇಲಾಗಿ ಅದು ನಿಮ್ಮ ಮಳೆಗಾಲದ ದಾಸ್ತಾನು.

ಮಳೆಗಾಲದ ನಡುವೆಯೇ ಶ್ರಾವಣ, ಗೌರಿ ಗಣೇಶ ಬರುತ್ತವೆ. ಹೂವು, ಪತ್ರೆ, ಬಾಳೆಲೆ ಒಮ್ಮೆಲೇ ಬಂದು ಬೀಳುತ್ತವೆ. ಈ ಹತ್ತು ಹನ್ನೆರಡು ದಿನಕ್ಕೆ ಒಂದು ಪೆಟ್ಟಿಗೆ ಖಾಲಿ ಇಟ್ಟುಕೊಳ್ಳಿ. ನಿರ್ಮಾಲ್ಯಕ್ಕೆ ಬೇರೆ ಬುಟ್ಟಿ ಇಡಿ. ದೇವರಿಗೆ ಏರಿಸಿದ್ದನ್ನು ಎಂಜಲಿನ ಜೊತೆ ಹಾಕಲು ಬಹಳ ಜನರಿಗೆ ಮನಸ್ಸು ಬರುವುದಿಲ್ಲ. ಆ ಭಾವನೆಗೆ ಒಂದು ಬುಟ್ಟಿ ಕೊಟ್ಟರೆ ಹೂವು ನದಿಗೆ ಹೋಗುವುದು ನಿಲ್ಲುತ್ತದೆ.

## ಹಂತ 7: ಒಣ ಕಸ ಮತ್ತು ಅಪಾಯದ ಕಸ

ಒಣ ಕಸ ಆರಿಸಲು ತಗಡಿನ ನೆರಳು, ಒಂದು ಮೇಜು, ನಲ್ಲಿ ನೀರು ಕೊಡಿ. ನೆಲದ ಮೇಲೆ ಕೂತು ಆರಿಸುವಂತೆ ಮಾಡಬೇಡಿ. ಚಿಪ್ಸ್ ಪ್ಯಾಕೆಟ್ಟಿನಂಥ ಹಲವು ಪದರದ ಪ್ಲಾಸ್ಟಿಕ್ಕಿಗೆ ಭಂಗಾರ (ಗುಜರಿ) ಅಂಗಡಿಯಲ್ಲಿ ಬೆಲೆ ಇರುವುದೇ ಇಲ್ಲ ಅನ್ನಬಹುದು. ಅದನ್ನು ಮನೆಗೆ ತರುವುದನ್ನೇ ಕಡಿಮೆ ಮಾಡಬೇಕು.

ಟ್ಯೂಬ್‌ಲೈಟ್, ಸಿಎಫ್‌ಎಲ್‌ನಲ್ಲಿ ಪಾದರಸ ಇರುತ್ತದೆ. ಒಡೆಯದಂತೆ ಹಳೆಯ ಡಬ್ಬದಲ್ಲೇ ಇಟ್ಟು ಕೊಡಿ. ಬ್ಯಾಟರಿ, ಮೊಬೈಲ್, ವೈರಿಗೆ ಗೇಟಿನ ಹತ್ತಿರ ಬೀಗದ ಪೆಟ್ಟಿಗೆ ಇಟ್ಟು, ಮೂರು ತಿಂಗಳಿಗೊಮ್ಮೆ ನೋಂದಾಯಿತ ಇ-ತ್ಯಾಜ್ಯ ಸಂಸ್ಥೆಗೆ ಕೊಟ್ಟು ರಸೀದಿ ಪಡೆಯಿರಿ. ಇನ್ಸುಲಿನ್ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಹೆಸರು ಬರೆದು ಕೊಡಿ.

## ಹಂತ 8: ಕಾಗದಪತ್ರ

ಹಸಿ ಕಸ ಎಷ್ಟು ಒಳಗೆ ಹೋಯಿತು, ಗೊಬ್ಬರ ಎಷ್ಟು ಹೊರಬಂತು, ಯಾರು ತಿರುವಿದರು ಅಂತ ದಿನಾ ಒಂದು ಸಾಲು ಬರೆಯಿರಿ. ನೂರು ಕಿಲೋ ಕಸಕ್ಕೆ 15ರಿಂದ 20 ಕಿಲೋ ಗೊಬ್ಬರ ಬಂದರೆ ಸರಿ. ಪುಣೆ ಪಾಲಿಕೆ ಎರೆಗೊಬ್ಬರ, ಮಳೆನೀರು ಕೊಯ್ಲು, ಸೌರಶಕ್ತಿ ಅಳವಡಿಸಿದವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತ ಬಂದಿದೆ. ಒಂದಕ್ಕೆ ಶೇ 5, ಎರಡು ಅಥವಾ ಮೂರೂ ಇದ್ದರೆ ಶೇ 10. ವಾರ್ಡ್ ಕಚೇರಿಯಲ್ಲಿ ನಿಮ್ಮ ಘಟಕಕ್ಕೆ ಯಾವುದು ಅನ್ವಯಿಸುತ್ತದೆ ಅಂತ ಕೇಳಿ ಅರ್ಜಿ ಹಾಕಿ. ನೋಡಲು ಬಂದವರಿಗೆ ನಡೆಯುವ ಘಟಕ ತೋರಿಸಬೇಕು, ಸುಮ್ನೆ ನಿಂತಿರುವ ಡಬ್ಬ ಅಲ್ಲ.

## ಹಂತ 9: ಗೊಬ್ಬರ ಮಾಗಿದೆಯೇ?

ಕಡು ಕಂದು ಬಣ್ಣ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ, ಸರಳು ಚುಚ್ಚಿದರೆ ತಣ್ಣಗೆ. ಮೂರೂ ಇರಬೇಕು. ಜರಡಿ ಹಿಡಿದು, ಉಳಿದ ದಪ್ಪ ತುಂಡನ್ನು ಹೊಸ ಪೆಟ್ಟಿಗೆಗೆ ಹಾಕಿ.

ಗಿಡಗಳಿಗೆ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದು ಕುಂಡದಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಅರ್ಧ ಮಣ್ಣು ಅರ್ಧ ಗೊಬ್ಬರ. ಎರಡರಲ್ಲೂ ಇಪ್ಪತ್ತು ಇಪ್ಪತ್ತು ಮೆಂತ್ಯದ ಕಾಳು ಬಿತ್ತಿ. ಐದಾರು ದಿನಕ್ಕೆ ಎರಡನೇ ಕುಂಡದಲ್ಲಿ ಮೊಳಕೆ ಕಡಿಮೆ ಬಂದರೆ ಅಥವಾ ತುದಿ ಸುಟ್ಟ ಹಾಗಿದ್ದರೆ ಗೊಬ್ಬರ ಇನ್ನೂ ಹಸಿ. ಹದಿನೈದು ದಿನ ಪೆಟ್ಟಿಗೆಗೆ ವಾಪಸ್ಸು ಹಾಕಿ, ಮತ್ತೆ ಬಿತ್ತಿ ನೋಡಿ. ಎರಡೂ ಕುಂಡ ಸಮನಾಗಿ ಹಸಿರಾದರೆ ಚೀಲಕ್ಕೆ ತುಂಬಿ. ಮೊದಲ ಚೀಲವನ್ನು ಪೆಟ್ಟಿಗೆ ತಿರುವಿದವರ ಮನೆಗೆ ಕೊಡಿ. ಎರಡನೆಯದನ್ನು ಮೊದಲು ಒಪ್ಪದೆ ಆಮೇಲೆ ಒಪ್ಪಿದ ಮನೆಗೆ ಕೊಡಿ.